ತಂಗಿಯ ಬಯಕೆಗೆ ಖಾಡಿಯ ದಾರಿ

ಎಂಜಿನ್ ಕೆಡಬಹುದು, ನೀರಿಳಿದು ದೋಣಿ ಕೆಸರಲ್ಲಿ ಹೂತುಹೋಗಬಹುದು, ಡೊಂಬಿವಲಿಯಲ್ಲಿ ಹತ್ತಿಸಿಕೊಳ್ಳಬೇಕಾದ ಅಮ್ಮ ಕಾಲಿಡುವಾಗಲೇ ಜಾರಬಹುದು, ಕಲ್ಯಾಣ್‌ನಲ್ಲಿ ಬಸುರಿ ತಂಗಿಯ ಬಯಕೆ ಶಾಸ್ತ್ರದ ಮುಹೂರ್ತವೇ ತಪ್ಪಬಹುದು. ಆ ಭಾನುವಾರ ಹಳಿ ದುರಸ್ತಿಗೆಂದು ಲೋಕಲ್ ರೈಲುಗಳನ್ನು ನಿಲ್ಲಿಸುವ ಮೆಗಾಬ್ಲಾಕ್ ಇದ್ದುದರಿಂದ ಮುಂಬೈ ಪಕ್ಕದ ನಮ್ಮ ಠಾಣೆ ಊರಿನಲ್ಲಿ ಮೀನುಗಾರನೊಬ್ಬನ ದೋಣಿ ಹಿಡಿದು ಖಾಡಿ ಎನ್ನುವ ಸಮುದ್ರದ ಹಿನ್ನೀರಿನಲ್ಲೇ ಹೊರಟಿದ್ದೆ. ಅಣ್ಣ ತರುವ ತವರಿನ ಮಲ್ಲಿಗೆ ಮುಡಿಯದೆ ಮಣೆಯ ಮೇಲೆ ಕೂರುವುದಿಲ್ಲವೆಂದು ತಂಗಿ ಹಟ ಹಿಡಿದಿದ್ದಳು.

ಅಮ್ಮ ಜಾರಲಿಲ್ಲ. ದಡದಲ್ಲಿ ಅಗಲವಾಗುತ್ತಿದ್ದ ಕೆಸರನ್ನೇ ನಾನು ನೋಡುತ್ತಿದ್ದೆ.

"ನಿನ್ನ ಬೆವರು ಕಂಡ್ರೆ ಬಸುರಿ ನೀನಾ ಅವಳಾ ಅಂತ ಗೊತ್ತಾಗುದಿಲ್ಲ ಮಾರಾಯ," ಎಂದಳು ಅಮ್ಮ. "ಹೂ ಬಾಡ್ಲಿಲ್ಲ ಅಲ್ವಾ?"

"ಬಾಡ್ಬಾರ್ದು ಅಂತ್ಲೇ ಹೊರಡುವವರೆಗೂ ಫ್ರಿಜ್ಜಲ್ಲಿ ಇಟ್ಟಿದ್ದೆ," ಎಂದೆ.

ಮುಹೂರ್ತಕ್ಕೆ ಹತ್ತು ನಿಮಿಷ ಮೊದಲೇ ತಂಗಿಯ ಮನೆ ತಲುಪಿದೆವು. ಗೆದ್ದವನಂತೆ ಚೀಲ ಬಿಚ್ಚಿದೆ. ಮಲ್ಲಿಗೆ ಠಾಣೆಯ ನನ್ನ ಮನೆಯ ಫ್ರಿಜ್ಜಿನಲ್ಲೇ ತಣ್ಣಗೆ ಕೂತಿತ್ತು.