ಮರ್ಝೂಕ್ ಮೇಷ್ಟ್ರ ಮನೆಗೆ ಹೋಗಿ ಬಂದ ದೇಜಪ್ಪ

ದೋಹಾದ ಕಟ್ಟಡ ಕಂಪನಿಯೊಂದರಲ್ಲಿ ದೇಜಪ್ಪ ಬಂಗೇರರು ಬಹಳ ದೊಡ್ಡ ಮನುಷ್ಯರಾಗಿದ್ದರು. ದೊಡ್ಡಸ್ತಿಕೆಯೆಲ್ಲ ಅವರ ಸೊಂಟದ ಕೀಲಿಗೊಂಚಲಿನಲ್ಲಿತ್ತು. ಕೆಲಸಗಾರರ ಪಾಸ್‌ಪೋರ್ಟುಗಳನ್ನು ಇಟ್ಟ ಕಬ್ಬಿಣದ ಕಪಾಟಿನ ಕೀಲಿ ಅದರಲ್ಲಿತ್ತು. ದೇಶ ಬಿಡಲು ಬೇಕಾದ ಪರವಾನಗಿಯನ್ನು ಅರಬಿ ಮಾಲೀಕರ ಮುಂದಿಡುವವರೂ ಅವರೇ. ಮಾಲೀಕರು ಪಾಪ, ಫೋನಿನಲ್ಲಿ ಮಾತಾಡುತ್ತಲೇ ಮುಂದಿಟ್ಟದ್ದಕ್ಕೆಲ್ಲ ಸಹಿ ಹಾಕುವ ಉದಾರಿ. ಪಾಸ್‌ಪೋರ್ಟು ಕಳೆದುಹೋಗಬಾರದಲ್ಲ, ಅದಕ್ಕೇ ಜೋಪಾನ ಮಾಡುವುದು ಎಂದು ದೇಜಪ್ಪ ಎಲ್ಲರಿಗೂ ಹೇಳುತ್ತಿದ್ದರು. ತಮ್ಮ ಪಾಸ್‌ಪೋರ್ಟೂ ಅಲ್ಲೇ ಜೋಪಾನವಾಗಿದೆ ಎಂಬುದು ಅವರಿಗೆ ಅಪರೂಪಕ್ಕೆ ನೆನಪಾಗುತ್ತಿತ್ತು.

ಪುತ್ತೂರು ಕಡೆಯ ಬಡಗಿ ಅಣ್ಣು ವಿಮಾನ ಹತ್ತುವಾಗ ಹೆಂಡತಿ ಬಸುರಿ. ಈಗ ಮಗು ಅಂಗಳ ತುಂಬ ಓಡುತ್ತಿದೆಯಂತೆ, ಒಮ್ಮೆ ನೋಡಿ ಬರುತ್ತೇನೆ ಎಂದು ಅವನು ಬೇಡಿದ. ಪ್ರಾಜೆಕ್ಟ್ ಮುಗಿಯುವ ತನಕ ಯಾರನ್ನೂ ಬಿಡಬೇಡಿ ಎಂದು ಮ್ಯಾನೇಜರ್ ಆಲ್ಬರ್ಟ್ ಹೇಳಿಯಾಗಿತ್ತು. ದೇಜಪ್ಪ ಅದಕ್ಕೆ ತಮ್ಮ ವೇದಾಂತವನ್ನೂ ಸೇರಿಸಿದರು: ಮಗು ಎಲ್ಲಿಗೂ ಓಡಿಹೋಗುವುದಿಲ್ಲ, ಸ್ವಲ್ಪ ದೊಡ್ಡದಾದರೆ ಮಾತಾಡಿಸಲಿಕ್ಕೂ ಸುಲಭ.

2007ರ ಚಳಿಗಾಲದ ಒಂದು ಶನಿವಾರ ಮಗಳು ತೃಷಾಳ ಶಾಲೆಯವರು ಮಕ್ಕಳನ್ನು, ಹೆತ್ತವರನ್ನು ಬಸ್ಸಿನಲ್ಲಿ ಕರೆದುಕೊಂಡು ಉತ್ತರದ ಕರಾವಳಿಗೆ ಹೋದರು. ಅಲ್ಲಿ ಹಿಂದಿನ ಕಾಲದ ಮರ್ಝೂಕ್ ಎಂಬ ಮೇಷ್ಟ್ರು ಹುಟ್ಟಿದ ಮನೆಯನ್ನು ಸರಕಾರದವರು ಮ್ಯೂಸಿಯಂ ಮಾಡಿ ಹಾಗೆಯೇ ಉಳಿಸಿದ್ದರು. ಮನೆಯೆಂದರೆ ಧಣಿಯ ಮನೆಯ ಹಿಂದಿನ ಒಂದು ಕೋಣೆ. ಮಣ್ಣು ಮೆತ್ತಿದ ಗೋಡೆ, ಒಂದು ಚಾಪೆ, ಅಕ್ಷರ ಬರೆಯುವ ಮರದ ಹಲಗೆ. ಗುಲಾಮ ಹೆಂಗಸಿನ ಹೊಟ್ಟೆಯಲ್ಲಿ ಹುಟ್ಟಿ, ಧಣಿಗಾಗಿ ಮುತ್ತು ಹೆಕ್ಕಲು ಸಮುದ್ರಕ್ಕೆ ಮುಳುಗಿದ ಹುಡುಗ ಬಿಡುಗಡೆಯಾದ ಮೇಲೆ ಅದೇ ಅಂಗಳದಲ್ಲಿ ಊರ ಮಕ್ಕಳಿಗೆ ಓದು ಕಲಿಸಿದನೆಂದು ಸುಬೈದಾ ಟೀಚರ್ ವಿವರಿಸಿದರು. ಊಟ, ಬಟ್ಟೆ, ಸೂರು ಎಲ್ಲ ಧಣಿಯೇ ಕೊಡುತ್ತಿದ್ದನಂತೆ. ಧಣಿಯ ಅಪ್ಪಣೆಯಿಲ್ಲದೆ ಎಲ್ಲಿಗೂ ಹೋಗುವಂತಿರಲಿಲ್ಲ, ಅಷ್ಟೇ.

ದೇಜಪ್ಪರ ಕಣ್ಣು ತುಂಬಿತು. ಕರವಸ್ತ್ರ ತೆಗೆದು, ಎಂಥ ಕಟುಕರು ಇದ್ದರಪ್ಪ ಆ ಕಾಲದಲ್ಲಿ ಎಂದು ನಾಲ್ಕು ಜನಕ್ಕೆ ಕೇಳುವಂತೆ ಮರುಗಿದರು.

ತೃಷಾ ಅಪ್ಪನ ಕೈ ಜಗ್ಗಿದಳು. "ಅಪ್ಪ, ಅವರು ಹೋಗದ ಹಾಗೆ ಸ್ಟಾಪ್ ಮಾಡ್ಲಿಕ್ಕೆ ನಿಮ್ಮ ಹಾಗೆ ಒಬ್ರು ಆಫೀಸ್ ಅಂಕಲ್ ಇದ್ರಾ?"

ಸುತ್ತಲಿದ್ದ ಹೆತ್ತವರಿಗೆಲ್ಲ ಒಮ್ಮೆಲೇ ಮಾಡಿನ ತೊಲೆಗಳ ಮೇಲೆ ಆಸಕ್ತಿ ಹುಟ್ಟಿತು.

ದೇಜಪ್ಪರಿಗೆ ಹಸಿವೇನೂ ಹೋಗಲಿಲ್ಲ. ಬಸ್ಸಿನಲ್ಲಿ ಕೊಟ್ಟ ಬಿರಿಯಾನಿ ಪೂರ್ತಿ ತಿಂದರು. ಆದರೆ ದೋಹಾದ ಬಿನ್ ಒಮ್ರಾನ್ ಬಡಾವಣೆಯ ತಮ್ಮ ಮನೆ ಮುಟ್ಟುವವರೆಗೆ ಮಗಳ ಮುಖ ನೋಡಲಿಲ್ಲ. ಮರುದಿನ ಟೆಂಡರ್ ಕಾಗದಗಳ ನಡುವೆ ಅಣ್ಣುವಿನ ಪರವಾನಗಿಯನ್ನೂ ಸೇರಿಸಿ ಮಾಲೀಕರ ಮುಂದಿಟ್ಟರು. ಸಹಿ ಬಿತ್ತು. ಕಪಾಟು ತೆರೆದು ಅಣ್ಣುವಿನ ಪಾಸ್‌ಪೋರ್ಟು ಹುಡುಕಿ ತೆಗೆದರು.

"ಅಣ್ಣು, ಇವತ್ತೇ ಹೊರಡು ಮಾರಾಯ," ಎಂದರು ಪಾಸ್‌ಪೋರ್ಟು ಕೊಡುತ್ತ. "ಯಾರ ಹತ್ರವೂ ಹೇಳ್ಬೇಡ. ನಾಳೆ ನನಗೆ ಧೈರ್ಯ ಇರ್ತದೋ ಇಲ್ವೋ ಗೊತ್ತಿಲ್ಲ."

ವಿಮಾನ ಸಮುದ್ರ ದಾಟಿದ ಮೇಲೆ ಆಲ್ಬರ್ಟ್‌ಗೆ ಸುದ್ದಿ ಮುಟ್ಟಿತು. ಸಂಜೆಯೊಳಗೆ ಕೀಲಿಗೊಂಚಲು ಒಸ್ವಾಲ್ಡ್ ಎಂಬ ಗುಮಾಸ್ತನ ಸೊಂಟಕ್ಕೆ ಹೋಯಿತು, ದೇಜಪ್ಪ ಊರಾಚೆ ಮುಐದರ್‌ನಲ್ಲಿದ್ದ ಕಂಪನಿಯ ಸಿಮೆಂಟ್ ಗೋದಾಮಿಗೆ ಹೋದರು. ಅಲ್ಲಿ ಏಸಿಯೂ ಇಲ್ಲ, ಸಲಾಂ ಹೊಡೆಯುವವರೂ ಇಲ್ಲ. "ಮ್ಯೂಸಿಯಂಗೆ ಹೋದವರು ಫೋಟೋ ತಕೊಂಡು ಬರ್ತಾರೆ," ಎಂದಳು ಹೆಂಡತಿ, "ನೀವು ಟ್ರಾನ್ಸ್‌ಫರ್ ತಕೊಂಡು ಬಂದ್ರಿ." ದೇಜಪ್ಪರಿಗೂ ಹಲವು ವಾರ ಹಾಗೆಯೇ ಅನ್ನಿಸಿತು. ತಾವು ಮಾಡಿದ ಘನಕಾರ್ಯದ ಬಗ್ಗೆ ಹೆಮ್ಮೆಪಡಬೇಕೆಂದುಕೊಂಡಾಗಲೆಲ್ಲ ಮೂಗಿಗೆ ಸಿಮೆಂಟಿನ ಧೂಳು ಏರಿ ಸೀನು ಬರುತ್ತಿತ್ತು.

ರಜೆ ಮುಗಿಸಿ ಬಂದ ಅಣ್ಣು ಹಲಸಿನ ಹಪ್ಪಳದ ಕಟ್ಟು ಹಿಡಿದು ಗೋದಾಮಿಗೆ ಬಂದ. ಮಗು ಮೊದಲು ತನ್ನನ್ನು ಕಂಡರೆ ಕಿರುಚಿ ಒಳಗೆ ಓಡುತ್ತಿತ್ತು, ಆಮೇಲೆ ಹೆಗಲಿನಿಂದ ಇಳಿಯಲೇ ಇಲ್ಲ ಎಂದು ಹೇಳಿದ.

ದೇಜಪ್ಪ ಸಿಮೆಂಟ್ ಚೀಲದ ಮೇಲೆ ಕುಳಿತು ಹಪ್ಪಳದ ಕಟ್ಟನ್ನು ಮೂಸಿದರು.

"ಮಗುವಿಗೆ ಯಾರ ಮುಖ ಬಂದದೆ?"

"ನನ್ನದೇ, ದೇಜಪ್ಪಣ್ಣ," ಎಂದ ಅಣ್ಣು. "ಪಾಪ."