ಕೌದಿ ಗೋಡೆಯ ಟಾಕೀಸು

ಒಂದೇ ತಿಂಗಳಲ್ಲಿ ಒಂದೇ ಸಿನೆಮಾವನ್ನು ಐದು ಸಲ ನೋಡಿದ್ದೇನೆ. ನನ್ನ ಹೆಂಡತಿ ಎಷ್ಟು ಸಲ ನೋಡಿದ್ದಾಳೆಂದು ಕೇಳಬೇಡಿ, ಅವಳು ಹೇಳುವುದಿಲ್ಲ. ನಮಗೆ ತಲೆ ಕೆಟ್ಟಿದೆ ಎಂದುಕೊಂಡಿರಾ? ಕೆಟ್ಟಿದ್ದರೆ ಇಡೀ ಗಂಗಾವತಿಗೇ ಕೆಟ್ಟಿದೆ.

ಚಿತ್ರವಾದರೂ ಹೊಸದೇ? ತೆರೆಯ ತುಂಬ ಗೆರೆ ಬೀಳುವ ಸವೆದ ರೀಲು. ಮಾತೆಲ್ಲ ಹಿಂದಿ. ನಾಯಕಿ ಅಳುತ್ತಾಳೆ, ನಾಯಕ ಹಾಡುತ್ತಾನೆ, ಖಳ ಮೀಸೆ ತಿರುವುತ್ತಾನೆ. ಮತ್ತೆ ಯಾಕೆ ಹೋದಿರಿ ಎಂದರೆ ಮೊದಲಿನಿಂದ ಹೇಳಬೇಕಾಗುತ್ತದೆ.

ಖಾದರಸಾಬರದು ಊರೂರು ತಿರುಗುವ ಟೆಂಟ್ ಟಾಕೀಸು. ಒಂದು ಎಣ್ಣೆ ಇಂಜಿನ್, ಒಂದು ಮಶೀನ್, ಒಂದು ಡೇರೆ, ಒಂದೇ ಒಂದು ಚಿತ್ರ. ಜನ ಬರುವಷ್ಟು ದಿನ ತೋರಿಸುವುದು, ಜನ ಕಡಿಮೆಯಾದ ಕೂಡಲೇ ಗಂಟುಮೂಟೆ ಕಟ್ಟಿ ಮುಂದಿನ ಊರಿಗೆ ಹೋಗುವುದು. ಈ ಸಲ ಅವರು ನಮ್ಮೂರಿನಲ್ಲಿ ಡೇರೆ ಹೊಡೆದು ಎರಡು ದಿನವಾಗಿತ್ತು, ಹಳ್ಳ ಬಂತು.

ನಮ್ಮ ಕಡೆಯ ಹಳ್ಳ ಹೇಳಿ ಬರುವುದಿಲ್ಲ. ಮೇಲೆಲ್ಲೋ ಮಳೆ, ಇಲ್ಲಿ ಬಿಸಿಲು, ನೋಡನೋಡುತ್ತ ಓಣಿಯೊಳಗೆ ಎದೆಮಟ್ಟ ಕೆಂಪು ನೀರು. ಜನ ಉಳಿದರು, ದನ ಉಳಿದವು. (ಹಾಡಹಗಲು ಬಂದದ್ದು ನಮ್ಮ ಪುಣ್ಯ.) ಆದರೆ ಹಳ್ಳದ ದಂಡೆಯ ಓಣಿಯಲ್ಲಿ ಮಣ್ಣಿನ ಗೋಡೆಗಳು ಕರಗಿ, ಮಾಳಿಗೆಗಳೆಲ್ಲ ನೆಲಕ್ಕೆ ಕುಸಿದವು.

ಖಾದರಸಾಬರನ್ನು ಯಾರೂ ಕೇಳಿರಲಿಲ್ಲ. ತಾವಾಗಿಯೇ ಡೇರೆ ಬಿಚ್ಚಿಸಿ, ದಿಬ್ಬದ ಮೇಲೆ ಮತ್ತೆ ಹೊಡೆಸಿ, ಓಣಿಯವರನ್ನೆಲ್ಲ ಒಳಗೆ ಕರೆದರು. ಆ ಓಣಿಯ ಹಿರಿಯಳು ಹನುಮವ್ವ, ಗದ್ದೆಯ ಕೂಲಿಗೆ ಹೋಗುವವಳು. ಅವಳ ಸೊಸೆ ಹಸಿ ಬಾಣಂತಿ. ಡೇರೆಯ ಎರಡು ಕಂಬಗಳ ನಡುವೆ ಸೀರೆಯ ಜೋಳಿಗೆ ಕಟ್ಟಿ ಕೂಸನ್ನು ಮಲಗಿಸಿದರು.

ಸರಿ, ಮುಂದೆ? ಆಟವಿಲ್ಲದಿದ್ದರೆ ಸಾಬರ ಹೊಟ್ಟೆಪಾಡು ಏನಾಗಬೇಕು? ಬಯಲಿನಲ್ಲಿ ತೋರಿಸಿದರೆ ದಾರಿಹೋಕರೆಲ್ಲ ಪುಕ್ಕಟೆ ನೋಡುತ್ತಾರೆ. ಈ ಯುದ್ಧದ ಕಾಲದಲ್ಲಿ ಧೋತರಕ್ಕೇ ಬಟ್ಟೆ ಸಿಗದು, ಇನ್ನೊಂದು ಡೇರೆ ಎಲ್ಲಿಂದ ಬರಬೇಕು? ಅತ್ತ ಕುಷ್ಟಗಿಯವರು ಬೇಗ ಬನ್ನಿ ಎಂದು ಹೇಳಿ ಕಳಿಸುತ್ತಿದ್ದರು. ಹೋಗುವುದಾದರೆ ಡೇರೆಯೊಂದಿಗೇ ಹೋಗಬೇಕು. ಏನು ಮಾಡುತ್ತೀರಿ ಎಂದು ಕೇಳಿದೆ.

"ಹಗ್ಗ ಬಿಚ್ಚಾಕ ಕೈ ಬರವಲ್ದ್ರಿ," ಎಂದರು ಸಾಬರು. "ಒಳಗ ಕೂಸು ಮಲಗೇತ್ರಿ."

ಹನುಮವ್ವ ಅದನ್ನು ಕೇಳಿಸಿಕೊಂಡಿದ್ದಳು. ಮರುದಿನ ಬೆಳಿಗ್ಗೆ, ನೀರಿನಿಂದ ಉಳಿಸಿ ಒಣಗಿಸಿಟ್ಟಿದ್ದ ತನ್ನ ಕೌದಿಯನ್ನು ಒಯ್ದು, ಮೊದಲು ಡೇರೆ ಇದ್ದ ಬಯಲಿನಲ್ಲಿ ಎರಡು ಬೊಂಬು ನೆಟ್ಟು ಕಟ್ಟಿದಳು. ಆಮೇಲೆ ಒಂದೊಂದೇ ಮನೆಯ ಬಾಗಿಲಿಗೆ ಹೋಗಿ ನಿಂತಳು.

"ಅವರ ಡೇರೆ ನಮ್ಮ ತಲಿ ಮ್ಯಾಲ ಐತ್ರಿ. ಅವರ ಆಟಕ್ಕ ಗ್ವಾಡಿ ನಾವು ಕಟ್ಟೋಣು. ಒಂದು ಕೌದಿ ಕೊಡ್ರಿ."

ಕೌದಿ ಕೊಡುವುದು ಸಣ್ಣ ಮಾತೇ? ಹಳೆಯ ಸೀರೆ, ಧೋತರ, ಅಂಗಿಯ ಚೂರುಗಳನ್ನು ಕೂಡಿಸಿ ಹೊಲಿದ ಹೊದಿಕೆ ಅದು. ತೀರಿಕೊಂಡ ಅತ್ತೆಯ ಸೆರಗು, ಮಗುವಿನ ಮೊದಲ ಕುಲಾವಿ, ಎಲ್ಲ ಅದರೊಳಗಿರುತ್ತವೆ. ನನ್ನ ಹೆಂಡತಿ ಒಳಗೆ ಹೋಗಿ, ತವರಿನಿಂದ ತಂದ ಕೌದಿಯನ್ನೇ ತೆಗೆದುಕೊಟ್ಟಳು. (ಅದನ್ನು ನನಗೆ ಇವತ್ತಿನವರೆಗೆ ಹೊದೆಯಲು ಕೊಟ್ಟಿಲ್ಲ.)

ಸಂಜೆಗೆ ಗೋಡೆ ಎದ್ದಿತು. ಶೆಟ್ಟರ ಮನೆಯದು, ಗೌಡರ ಮನೆಯದು, ಮುಸಲ್ಮಾನರ ಓಣಿಯದು, ಕೇರಿಯದು, ಒಂದರ ಅಂಚಿಗೆ ಇನ್ನೊಂದರ ಅಂಚು ಸೇರಿಸಿ ದಬ್ಬಣದಲ್ಲಿ ಹೊಲಿದಿದ್ದರು. ಆ ಮನೆಗಳವರು ಎಂದಾದರೂ ಇಷ್ಟು ಹತ್ತಿರ ಕುಳಿತಿದ್ದರೇ? ನಾನಂತೂ ನೋಡಿರಲಿಲ್ಲ.

ಇನ್ನು ಆಟದ ಸೊಗಸು! ಇದ್ದದ್ದು ಒಂದೇ ಮಶೀನ್, ರೀಲು ಬದಲಿಸುವಾಗಲೆಲ್ಲ ಗ್ಯಾಸ್ ಬತ್ತಿ ಹಚ್ಚಬೇಕು. ಬತ್ತಿ ಹತ್ತಿದ್ದೇ ತಡ, ಹೆಂಗಸರೆಲ್ಲ ಎದ್ದು ಗೋಡೆಯ ಕಡೆ ನಡೆಯುತ್ತಿದ್ದರು. ಇದು ಯಾರ ಹೊಲಿಗೆ, ಇದು ಯಾರ ಮದುವೆಯ ಸೀರೆ ಎಂದು ವಿಚಾರಣೆ. ರೀಲು ಸಿದ್ಧವಾಗಿದೆ ಕೂತುಕೊಳ್ಳಿ ಎಂದು ಸಾಬರು ಕೈಮುಗಿದು ಬೇಡಿಕೊಳ್ಳಬೇಕಾಗುತ್ತಿತ್ತು.

ಒಂದು ತಪ್ಪಾಗಿತ್ತು. ಸುತ್ತ ಗೋಡೆ ಕಟ್ಟಿದವರು ಎತ್ತರದ ಮನೆಗಳನ್ನು ಮರೆತಿದ್ದರು. ಮೊದಲ ದಿನ ಶೆಟ್ಟರ ಮನೆಯವರೆಲ್ಲ ಮಾಳಿಗೆಯ ಮೇಲೆ ಚಾಪೆ ಹಾಸಿ ಕುಳಿತು, ಶೇಂಗಾ ತಿನ್ನುತ್ತ ಆರಾಮಾಗಿ ನೋಡಿದರು. ಹನುಮವ್ವ ಜಗಳ ತೆಗೆಯಲಿಲ್ಲ. ಮರುದಿನ ಅವರ ಕಟ್ಟೆಯ ಮುಂದೆ ನಿಂತು, ಅಷ್ಟು ದೂರದಿಂದ ಹಾಡು ಕೇಳುವುದಿಲ್ಲ, ಮುಂದೆ ಜಾಗ ಹಿಡಿದಿಟ್ಟಿದ್ದೇನೆ ಎಂದು ಶೆಟ್ಟರ ಹೆಂಡತಿಯನ್ನು ಕರೆದಳು. ಅಂದು ಸಂಜೆ ಆ ಮನೆಯವರೆಲ್ಲ ಟಿಕೆಟ್ ಕೊಂಡು ನೆಲದ ಮೇಲೆ ಬಂದು ಕುಳಿತರು.

ವಾರ ಕಳೆಯಿತು. ಎಂದಿನಂತಾದರೆ ಜನ ಕಡಿಮೆಯಾಗಬೇಕಿತ್ತು. ಆಗಲಿಲ್ಲ. ಯಾಕೆಂದು ಎಲ್ಲರಿಗೂ ಗೊತ್ತಿತ್ತು. ಟಿಕೆಟ್ ನಿಂತ ದಿನ ಸಾಬರು ಊರು ಬಿಡಬೇಕು, ಅವರು ಊರು ಬಿಟ್ಟ ದಿನ ಕೂಸಿನ ಮೇಲಿನ ಡೇರೆ ಇಳಿಯಬೇಕು. ಹಗಲು ಮುಯ್ಯಾಳು, ಕೂಲಿಯಿಲ್ಲದೆ ಒಬ್ಬರ ಕೆಲಸಕ್ಕೆ ಇನ್ನೊಬ್ಬರು. ಹೊಲಕ್ಕೆ ಹೋದಂತೆ ಸರದಿಯ ಮೇಲೆ ಹಳ್ಳದ ಓಣಿಗೆ ಹೋಗಿ, ಮಣ್ಣು ತುಳಿದು ಗೋಡೆ ಎಬ್ಬಿಸುವುದು. ಸಂಜೆ ಬೇಗ ರೊಟ್ಟಿ ತಿಂದು ಸಿನೆಮಾ.

ಬರಬರುತ್ತ ಹಿಂದಿಯ ಗಂಧವಿಲ್ಲದವರೆಲ್ಲ ನಾಯಕನಿಗಿಂತ ಮೊದಲೇ ಅವನ ಮಾತು ಹೇಳತೊಡಗಿದರು. ಅಳುವ ಸೀನು ಬರುವ ಮೊದಲೇ ಸೆರಗುಗಳು ಕಣ್ಣಿಗೆ ಏರುತ್ತಿದ್ದವು. ಖಳ ಬಾಗಿಲ ಹಿಂದೆ ಅಡಗಿದ್ದಾನೆಂದು ನಾಯಕಿಗೆ ಇಡೀ ಊರು ಎಚ್ಚರಿಕೆ ಕೊಡುತ್ತಿತ್ತು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೇನೆ. ಈ ಊರಿನಲ್ಲಿ ಹುಟ್ಟಿದ್ದಕ್ಕೆ ಇಷ್ಟು ಹೆಮ್ಮೆ ನನಗೆ ಹಿಂದೆಂದೂ ಆಗಿರಲಿಲ್ಲ.

ಮೊನ್ನೆ ಕೊನೆಯ ಮನೆಗೂ ಮಾಳಿಗೆ ಏರಿತು. ಹನುಮವ್ವನ ಸೊಸೆ ಕೂಸನ್ನು ಹೊಸ ಮನೆಯೊಳಗೆ ಒಯ್ದು ಮಲಗಿಸಿದ್ದನ್ನು ಕಣ್ಣಾರೆ ನೋಡಿದ ಮೇಲೆಯೇ ಖಾದರಸಾಬರು ಹಗ್ಗಕ್ಕೆ ಕೈ ಹಾಕಿದರು. ಈಗ ಕುಷ್ಟಗಿಯಲ್ಲಿದ್ದಾರೆ.

ಅವರ ಟಾಕೀಸು ಮುಂದೆ ಕುಕನೂರಿಗೂ ಬರುತ್ತದಂತೆ. ಅಲ್ಲಿನ ಗೆಳೆಯನೊಬ್ಬ ನಿನ್ನೆ ಸಿಕ್ಕು, ಐದು ಸಲ ನೋಡಿದ್ದೀಯಲ್ಲ, ಚಿತ್ರ ಹೇಗಿದೆ ಎಂದು ಕೇಳಿದ.

ಒಂದು ಓಣಿಗೇ ಸೂರು ಹೊದಿಸಿದ ಚಿತ್ರವನ್ನು ಹೇಗಿದೆಯೆಂದು ಹೇಳಲಿ?