ಹರಿಗೋಲಿಗೆ ಮೋಟಾರು ಕಟ್ಟಿದ್ದು

ನನ್ನ ಹೆಂಡತಿಯ ಬಲಭುಜ ಒಂದೇ ದಿನದಲ್ಲಿ ಹೋಗಲಿಲ್ಲ. ಮೊದಲು ಕೊಡ ಎತ್ತುವಾಗ ನೋವು ಅಂದಳು, ಆಮೇಲೆ ತಲೆ ಬಾಚುವಾಗ ಅಂದಳು. ಹರಿಗೋಲಿನಲ್ಲಿ ಮಾತ್ರ ಒಂದು ದಿನವೂ ಅನ್ನಲಿಲ್ಲ. ಹೋದ ವರ್ಷ ಗಾಳಿಯ ದಿನಗಳಲ್ಲಿ, ಡ್ಯಾಮಿನ ಹಿನ್ನೀರಿನ ನಟ್ಟನಡುವೆ, ಹುಟ್ಟು ಆಕೆಯ ಕೈಯಿಂದ ಜಾರಿ ನೀರಿಗೆ ಬಿತ್ತು. ಹಿಡಿಯಲು ಆಕೆ ಕೈ ಚಾಚಲೇ ಇಲ್ಲ. ಆಗ ನನಗೆ ತಿಳಿಯಿತು. ಹೊಸಪೇಟೆಯ ಮೂಳೆ ಡಾಕ್ಟರು ಫೋಟೋ ತೆಗೆಸಿ ನೋಡಿ, ಇನ್ನು ಹುಟ್ಟು ಹಾಕಿದರೆ ಈ ಕೈ ಮೇಲೇಳುವುದೇ ನಿಂತುಹೋಗುತ್ತದೆ ಎಂದರು.

ನಮ್ಮ ಹಿನ್ನೀರಿನಲ್ಲಿ ಮೀನು ಹಿಡಿಯುವವರು ಬಹಳ ಮಟ್ಟಿಗೆ ಗಂಡ ಹೆಂಡತಿಯರೇ. ಒಬ್ಬರು ಮುಂದೆ ಕೂತು ಹುಟ್ಟು ಹಾಕಬೇಕು, ಇನ್ನೊಬ್ಬರು ಹಿಂದೆ ನಿಂತು ಸಂಜೆಗೆ ಬಲೆ ಬಿಡಬೇಕು, ಬೆಳಿಗ್ಗೆ ಎಳೆಯಬೇಕು. ಮದುವೆಯಾದ ಮೂರನೇ ತಿಂಗಳಿಂದ ಆಕೆ ಮುಂದೆ, ನಾನು ಹಿಂದೆ. ಬೇರೆ ಯಾರನ್ನಾದರೂ ಹುಟ್ಟಿಗೆ ಇಟ್ಟುಕೋ ಎಂದು ಮಂದಿ ಹೇಳಿದರು. ಒಲ್ಲೆ ಅಂದೆ. ಪರರ ಜೊತೆ ಅಷ್ಟು ಸಣ್ಣ ಜಾಗದಲ್ಲಿ ದಿನಗಟ್ಟಲೆ ಇರುವುದು ನನ್ನಿಂದಾಗದು. ಕೈ ನೋಯದ ಹಾಗೆ ಆಕೆ ಮತ್ತೆ ಮುಂದೆ ಬಂದು ಕೂರಬೇಕು, ನನಗೆ ಬೇಕಾಗಿದ್ದದ್ದು ಅಷ್ಟೇ. ಅಷ್ಟಕ್ಕಾಗಿಯೇ ಮೋಟಾರಿನ ಯೋಚನೆ ಬಂತು.

ಅದನ್ನು ಮೊದಲು ನೋಡಿದ್ದು ಹಂಪಿಯ ಹೊಳೆಯಲ್ಲಿ ಪ್ರವಾಸಿಗರನ್ನು ದಾಟಿಸುವ ಪರಿಚಯದವನೊಬ್ಬನ ಫೋನಿನಲ್ಲಿ. ಎದೆಯುದ್ದದ ಒಂದು ಕೊಳವೆ. ಮೇಲೆ ತಿರುಗಿಸುವ ಹಿಡಿಕೆ, ಕೆಳಗೆ ನೀರಿನಲ್ಲಿ ಮುಳುಗುವ ಪುಟ್ಟ ಫ್ಯಾನು. ಎಣ್ಣೆ ಬೇಡ, ಸದ್ದಿಲ್ಲ, ಬ್ಯಾಟರಿಯಲ್ಲಿ ಓಡುತ್ತದೆ. ಹಿಡಿಕೆಗೆ ಎಡಗೈ ಸಾಕು. ಅದನ್ನು ನೋಡಿದ ದಿನ ನನಗೆ ಊಟ ಸೇರಲಿಲ್ಲ, ಅಷ್ಟು ಆಸೆಯಾಗಿತ್ತು.

ಹೊಸಪೇಟೆಯಲ್ಲಿ ಬ್ಯಾಟರಿ ಅಂಗಡಿಯವರೊಬ್ಬರಿದ್ದಾರೆ. ಸಂಡೂರಿನ ಅದಿರು ಲಾರಿಗಳಿಗೆ ಬ್ಯಾಟರಿ ಹಾಕುತ್ತಲೇ ಕೂದಲು ಬೆಳ್ಳಗಾದವರು. ಅವರೇ ಮೋಟಾರು ತರಿಸಿಕೊಟ್ಟರು. ಲಾರಿ ಬ್ಯಾಟರಿ ಇದಕ್ಕೆ ಆಗದು, ಅದು ಒಂದು ಸಲ ಒದ್ದು ಸುಮ್ಮನಾಗುವ ಜಾತಿ, ಇದಕ್ಕೆ ನಿಧಾನವಾಗಿ ಕೊಡುತ್ತಾ ಹೋಗುವಂಥದ್ದು ಬೇಕು ಎಂದು ಇನ್ವರ್ಟರಿಗೆ ಹಾಕುವ ದೊಡ್ಡ ಬ್ಯಾಟರಿಯನ್ನೇ ಕೊಟ್ಟರು. ಕೊಡುವಾಗ, ನಡೆಸುವವರು ಯಾರು ಎಂದು ಕೇಳಿದರು.

"ಮೀನ ಹಿಡಿಯಾಂವ ನಾನ್ರಿ" ಎಂದೆ. "ಆಕಿ ಬರೇ ಹುಟ್ಟ ಹಾಕ್ತಾಳ."

ಆಕೆ ಅಂಗಡಿಯ ಬಾಗಿಲಲ್ಲೇ ಸ್ಟೂಲಿನ ಮೇಲೆ ಕೂತಿದ್ದಳು. ನಾನು ತಿರುಗಿ ನೋಡಲಿಲ್ಲ. ಭಾನುವಾರ ನೀರಿನ ಹತ್ತಿರ ಬಂದು ಕಟ್ಟಿಕೊಡಲೇ ಎಂದು ಅವರು ಕೇಳಿದ್ದಕ್ಕೂ ಬೇಡ ಅಂದೆ. ಹುಟ್ಟಿದಾಗಿನಿಂದ ನೀರಿನಲ್ಲಿರುವವನಿಗೆ ಅಂಗಡಿಯವರು ಬಂದು ಹೇಳಿಕೊಡಬೇಕೇ ಎಂದು ಮನಸ್ಸಿನಲ್ಲಿ ಅಂದುಕೊಂಡೆ.

ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವನು ನಾನು. ಮೋಟಾರಿನ ಡಬ್ಬಿಯಲ್ಲಿ ಬಂದ ಪುಸ್ತಕ ಇಂಗ್ಲಿಷಿನಲ್ಲಿತ್ತು. ಓದಿಸಿಕೊಳ್ಳಲು ಮಂದಿ ಇದ್ದರು, ನಾನೇ ಹೋಗಲಿಲ್ಲ. ಚಿತ್ರಗಳಿದ್ದವಲ್ಲ, ಸಾಕು ಎಂದೆ. ಮೋಟಾರಿನ ಕ್ಲ್ಯಾಂಪು ಹಿಡಿಯಲು ಚಪ್ಪಟೆ ಹಲಗೆ ಬೇಕು, ನಮ್ಮ ಫೈಬರ್ ಹರಿಗೋಲಿನ ಅಂಚು ದುಂಡಗೆ. ಗುಜರಿಯಿಂದ ಅದಿರು ಲಾರಿಯ ಬಾಡಿಯ ಕಬ್ಬಿಣದ ಚಾನೆಲ್ ತುಂಡು ತಂದು, ಎರಡು ಕೊಕ್ಕೆ ಮಾಡಿಸಿ, ಅಂಚನ್ನು ಒಳಗೂ ಹೊರಗೂ ಅಪ್ಪಿ ಹಿಡಿಯುವ ಹಾಗೆ ಬೋಲ್ಟು ಹಾಕಿದೆ. ಅದರ ಮೇಲೆ ಹಳೆಯ ಬಾಗಿಲಿನ ಸಾಗುವಾನಿ ಹಲಗೆ. ಫ್ಯಾನು ನೀರಿನೊಳಗೆ ಒಂದು ಗೇಣು ಮುಳುಗುವ ಹಾಗೆ ಕೊಳವೆ ಇಳಿಸಿ ಬಿಗಿದೆ. ನಡುವೆ ಫ್ಯೂಸು, ಕೆಂಪು ತಂತಿ ಒಂದು ಕಡೆಗೆ, ಕಪ್ಪು ಇನ್ನೊಂದು ಕಡೆಗೆ. ಆ ಕೆಲಸದಲ್ಲಿ ಒಂದು ಕೂದಲಿನಷ್ಟೂ ತಪ್ಪು ಇರಲಿಲ್ಲ. ಈಗಲೂ ಹೇಳುತ್ತೇನೆ, ಇರಲಿಲ್ಲ.

ತಪ್ಪು ಇದ್ದದ್ದು ಬೇರೆ ಕಡೆ. ಪುಸ್ತಕದ ಚಿತ್ರದಲ್ಲಿ ಉದ್ದ ಮೂತಿಯ ದೋಣಿ ಇತ್ತು, ಮೋಟಾರು ಅದರ ಹಿಂದೆ ಇತ್ತು. ನಾನೂ ಹಿಂದೆ ಕಟ್ಟಿದೆ. ನೀರಿಗಿಳಿಸಿ ಹಿಡಿಕೆ ತಿರುಗಿಸಿದೆ. ಹರಿಗೋಲು ಒಂದು ಮಾರು ಮುಂದೆ ಹೋಗಿ, ನಿಂತಲ್ಲೇ ಗಿರಗಿರ ತಿರುಗತೊಡಗಿತು. ಎಡಕ್ಕೆ ಹಿಡಿದರೂ ತಿರುಗುತ್ತದೆ, ಬಲಕ್ಕೆ ಹಿಡಿದರೂ ತಿರುಗುತ್ತದೆ. ದಂಡೆಯಲ್ಲಿ ಬಲೆ ಒಣಗಿಸುತ್ತಿದ್ದವರೆಲ್ಲ ಎದ್ದು ನಿಂತರು.

"ಏನಣ್ಣಾ, ಈ ವಯಸ್ಸಿನಾಗ ಬುಗುರಿ ಆಡಾಕ ಹತ್ತೀಯಲ್ಲೋ" ಎಂದ ಒಬ್ಬ. "ಮೀನಿಗೆ ತಲಿ ತಿರುಗಿ ತಾವ ಮ್ಯಾಲ ಬರ್ತಾವ ಬಿಡು" ಎಂದ ಇನ್ನೊಬ್ಬ.

ನನ್ನ ಹೆಂಡತಿ ನಗಲಿಲ್ಲ. ಮೊಣಕಾಲುದ್ದ ನೀರಿಗೆ ಬಂದು ನಿಂತು, "ಮುಂದ ಕಟ್ರಿ ಅದನ್ನ. ಹುಟ್ಟು ಯಾರರ ಹಿಂದ ಕುಂತು ಹಾಕ್ತಾರೇನು?" ಎಂದಳು.

ಅದು ನಿಜ. ಹರಿಗೋಲಿಗೆ ಮುಂದೆ ಹಿಂದೆ ಎಂಬುದಿಲ್ಲ, ಅದೊಂದು ಬಟ್ಟಲು. ಆಕೆ ಕೂತ ಕಡೆಯೇ ಮುಂದೆ. ಅಲ್ಲಿಂದ ನೀರನ್ನು ತನ್ನ ಕಡೆಗೆ ಎಳೆದುಕೊಂಡರೆ ಮಾತ್ರ ಅದು ನೆಟ್ಟಗೆ ಹೋಗುತ್ತದೆ. ನಾನು ಹುಟ್ಟು ಹಿಡಿದು ಎಷ್ಟೋ ವರ್ಷವಾಗಿತ್ತು, ಮರೆತೇ ಹೋಗಿತ್ತು. ಆದರೂ ಅಷ್ಟು ಮಂದಿಯ ಎದುರು ಆಕೆ ಹೇಳಿದಳಲ್ಲ ಎಂದು ಎರಡು ದಿನ ಹಟ ಹಿಡಿದೆ. ಕೊಳವೆ ಇನ್ನಷ್ಟು ಇಳಿಸಿದೆ, ಕಲ್ಲು ಹೇರಿದೆ. ಮೂರನೇ ದಿನ ಯಾರೂ ಇಲ್ಲದ ಹೊತ್ತಿನಲ್ಲಿ ಎಲ್ಲ ಬಿಚ್ಚಿ, ಫ್ಯಾನು ಹರಿಗೋಲನ್ನು ತಳ್ಳದೆ ಎಳೆಯುವ ಹಾಗೆ ತಿರುಗಿಸಿ ಮುಂದಕ್ಕೆ ಕಟ್ಟಿದೆ.

ಮುಂದೆ ಕಟ್ಟಿದ ಮೇಲೆ ಬ್ಯಾಟರಿಯೂ ಮುಂದಕ್ಕೇ ಬರಬೇಕಾಯಿತು, ತಂತಿ ಗಿಡ್ಡ. ಹರಿಗೋಲಿನ ತಳ ಬಟ್ಟಲಿನಂತೆ ಬಾಗಿರುತ್ತದೆ. ಸಮವಾದ ಜಾಗ ಎಂದರೆ ಆಕೆ ಕೂರುತ್ತಿದ್ದ ಮಣೆ ಒಂದೇ. ಅದರ ಮೇಲೆ ಗೋಣಿಚೀಲವನ್ನು ನಾಲ್ಕು ಮಡಿಕೆ ಹಾಕಿ ಹೊಲಿದ ಆಕೆಯ ಮೆತ್ತೆ ಇತ್ತು. ಅದನ್ನು ತೆಗೆದು ದಂಡೆಗೆ ಎಸೆದು, ಬ್ಯಾಟರಿ ಇಟ್ಟು ಹಗ್ಗ ಬಿಗಿದೆ. ಕೆಲಸದ ಭರದಲ್ಲಿ ಮಾಡಿದ್ದು. ಸಂಜೆ ಆಕೆ ಬಂದಳು, ಮಣೆಯ ಮೇಲಿನ ಬ್ಯಾಟರಿ ನೋಡಿದಳು, ಮೆತ್ತೆ ಎತ್ತಿಕೊಂಡು ಮರಳು ಕೊಡವಿ ಮನೆಗೆ ನಡೆದಳು.

ಮೊದಲು ನಾನೊಬ್ಬನೇ ಪರೀಕ್ಷೆ ಮಾಡಿ ಬರುತ್ತೇನೆ ಎಂದು ಮಾರನೆಯ ಬೆಳಿಗ್ಗೆ ಹೊರಟೆ. ನೆಟ್ಟಗೆ ಹೋಯಿತು. ಸದ್ದಿಲ್ಲದೆ, ಗೆರೆ ಎಳೆದ ಹಾಗೆ ಹೋಯಿತು. ಬಹಳ ಹೆಮ್ಮೆಯಾಯಿತು. ಹಿಂದಿನ ಸಂಜೆ ನೆರೆಯವನ ಹರಿಗೋಲಿನಲ್ಲಿ ಹೋಗಿ ಬಿಟ್ಟು ಬಂದಿದ್ದ ಬಲೆಯ ತೇಲುವ ಬೆಂಡಿನ ಹತ್ತಿರ ನಿಲ್ಲಿಸಿ, ಹಿಂದಕ್ಕೆ ಬಂದು ಎಳೆಯತೊಡಗಿದೆ. ಆಗ ಗಾಳಿ ತಿರುಗಿತು. ಆಕೆ ಇದ್ದಾಗಲೂ ಗಾಳಿ ತಿರುಗುತ್ತಿತ್ತು, ನನಗೆ ಗೊತ್ತಾಗುತ್ತಿರಲಿಲ್ಲ. ಬಲೆ ಭಾರವಾದರೆ ಆಕೆ ಹರಿಗೋಲನ್ನು ನಾಲ್ಕು ಅಂಗುಲ ಹಿಂದೆ ಸರಿಸುತ್ತಿದ್ದಳು, ಸಡಿಲವಾದರೆ ಮುಂದೆ, ನನ್ನ ಕಡೆ ತಿರುಗಿಯೂ ನೋಡದೆ. ಆ ದಿನ ಹರಿಗೋಲು ಅಡ್ಡ ತಿರುಗಿ ಬಲೆಯ ಮೇಲೇ ಹೋಯಿತು. ನಾನು ಗಡಬಡಿಸಿ ಮುಂದೆ ಹೋಗಿ ಹಿಡಿಕೆ ತಿರುಗಿಸಿದೆ. ಫ್ಯಾನು ಬಲೆಯನ್ನು ಸೆಳೆದು ಸುತ್ತಿಕೊಂಡು ನಿಂತಿತು. ನೀರಿಗೆ ಬಗ್ಗಿ ಚಾಕುವಿನಿಂದ ನನ್ನ ಬಲೆಯನ್ನು ನಾನೇ ಕೊಯ್ದೆ. ಇದ್ದ ನಾಲ್ಕು ಕಾಟ್ಲಾ ಮೀನು ಕಣ್ಣೆದುರೇ ಜಾರಿ ಹೋದವು.

ಮನೆಯಲ್ಲಿ ಆಕೆ ಹರಿದ ಬಲೆಯನ್ನು ಮೊಣಕಾಲಿನ ಮೇಲೆ ಹರಡಿಕೊಂಡು ಎಡಗೈಯಲ್ಲಿ ಗಂಟು ಹಾಕಲು ಕೂತಳು.

ನಾನು ಹೊಸಪೇಟೆಗೆ ಹೋದೆ. ಅದೇ ಅಂಗಡಿಯವರಿಗೆ ಈ ಸಲ ಎಲ್ಲ ಹೇಳಿ, ಉದ್ದನೆಯ ದಪ್ಪ ತಂತಿ ತಂದೆ. ಹಿಂದೆ ನಾನು ನಿಲ್ಲುತ್ತಿದ್ದ ಜಾಗದ ಪಕ್ಕ ಬಾಗಿದ ತಳಕ್ಕೆ ಹೊಂದುವ ಕಟ್ಟಿಗೆಯ ಚೌಕಟ್ಟು ಮಾಡಿಸಿ ಬ್ಯಾಟರಿ ಅಲ್ಲಿಗೆ ಸಾಗಿಸಿದೆ. ಮುಂದಿನ ಮಣೆ ಖಾಲಿ ಮಾಡಿ ತೊಳೆದೆ. ಹಿಡಿಕೆಯನ್ನು ಎಡಗೈಗೆ ಸರಿಯಾಗಿ ಬರುವ ಹಾಗೆ ಹೊರಳಿಸಿ ಬಿಗಿದೆ. ಮನೆಗೆ ಬಂದು ಆಕೆಯ ಮೆತ್ತೆ ಹುಡುಕಿದೆ. ನೀರಿನ ಹಂಡೆಯ ಹಿಂದೆ ಸಿಕ್ಕಿತು.

"ನಡಿ" ಎಂದೆ. "ಕೈಗೇನೂ ತ್ರಾಸಿಲ್ಲ. ಕುಂತು ಬರೇ ತಿರುವಿದ್ರ ಸಾಕು."

ಆಕೆ ಗಂಟು ಹಾಕುವುದನ್ನು ನಿಲ್ಲಿಸಲಿಲ್ಲ. ಸಿಟ್ಟೂ ಇರಲಿಲ್ಲ ದನಿಯಲ್ಲಿ.

"ನಾ ಬಂದು ಏನ್ ಮಾಡ್ಲಿ? ಬರೇ ಹುಟ್ಟ ಹಾಕಾಕಿ ನಾನು. ಈಗ ಅದು ಹಾಕ್ತೈತಲ್ಲ."

ಬ್ಯಾಟರಿ ಅಂಗಡಿಯ ಬಾಗಿಲಲ್ಲಿದ್ದ ಸ್ಟೂಲು ನನ್ನ ಕಣ್ಣ ಮುಂದೆ ಬಂತು. ಹಾಗಲ್ಲ ಎಂದು ಹೇಳಬೇಕಿತ್ತು. ಯಾರ ಮುಂದೆಯೂ ತಪ್ಪಾಯಿತು ಅಂದವನಲ್ಲ ನಾನು, ಹೆಂಡತಿಯ ಮುಂದೆ ಹೇಗೆ ಅನ್ನುವುದು ಎಂದು ಗೊತ್ತೇ ಆಗಲಿಲ್ಲ. ಮೆತ್ತೆ ಹಿಡಿದುಕೊಂಡೇ ಹೊರಗೆ ಬಂದೆ.

ಆಮೇಲೂ ಎರಡು ಸಲ ಕರೆದೆ, ಬರೀ ನಡಿ ಎಂದಷ್ಟೇ. ಒಲೆ ಮೇಲೆ ಅನ್ನ ಐತಿ ಅಂದಳು ಒಮ್ಮೆ. ಇನ್ನೊಮ್ಮೆ ಕಸಬರಿಗೆ ಎತ್ತಿಕೊಂಡು ಅಂಗಳಕ್ಕೆ ನಡೆದಳು.

ಈಗ ಒಬ್ಬನೇ ಹೋಗುತ್ತೇನೆ. ಮೊದಲಿನ ಅರ್ಧದಷ್ಟೂ ಬಲೆ ಬಿಡಲು ಆಗುವುದಿಲ್ಲ. ಮೋಟಾರು ಚೆನ್ನಾಗಿದೆ, ಒಂದು ದಿನವೂ ಕೆಟ್ಟಿಲ್ಲ. ಹಿಡಿಕೆ ಮುಂದಿರುವುದರಿಂದ ಆಕೆಯ ಮಣೆಯ ಮೇಲೆ, ಆಕೆಯ ಮೆತ್ತೆಯ ಮೇಲೆ ನಾನೇ ಕೂರಬೇಕು. ಅಲ್ಲಿ ಕೂತರೆ ಎದುರಿಗೆ ನೀರು ಬಿಟ್ಟು ಬೇರೇನೂ ಕಾಣುವುದಿಲ್ಲ. ಅಷ್ಟು ವರ್ಷ ಆಕೆ ಬೆನ್ನ ಹಿಂದಿನಿಂದ ನನ್ನ ದನಿಯನ್ನಷ್ಟೇ ಕೇಳಿಕೊಂಡು ಇಲ್ಲಿ ಕೂತಿದ್ದಳು. ಎಡಕ್ಕೆ ಎಳಿ, ನಿಲ್ಲಸು, ಕಣ್ಣಿಲ್ಲೇನು ಎಂದು ಅನ್ನುತ್ತಿದ್ದ ದನಿ. ನಡುನೀರಿನಲ್ಲಿ ಒಮ್ಮೊಮ್ಮೆ ಮೋಟಾರು ನಿಲ್ಲಿಸಿ ಹಿಂದೆ ತಿರುಗಿ ನೋಡುತ್ತೇನೆ. ನಾನು ನಿಲ್ಲುತ್ತಿದ್ದ ಕಡೆ ಬ್ಯಾಟರಿ ಇದೆ. ಗಾಳಿ ಬಂದು ಹರಿಗೋಲನ್ನು ನಿಧಾನವಾಗಿ ಅಡ್ಡ ತಿರುಗಿಸುತ್ತದೆ, ಬಲೆ ಇನ್ನೂ ನೀರಿನಲ್ಲೇ ಇರುತ್ತದೆ.